ಚಾಪೆ ಹಾಸಿ ಕರೆಯುವ ಊರು

ಹೊತ್ತು ಮುಳುಗುತ್ತಿದ್ದಂತೆ ಯೋಗ್ಯಕರ್ತಾದ ಬೀದಿ ಬದಿಗಳಲ್ಲಿ ತಳ್ಳುಗಾಡಿಗಳು ಬಂದು ನಿಲ್ಲುತ್ತವೆ. ಮೇಲೊಂದು ಟಾರ್ಪಾಲು, ಒಂದು ಮಂದ ದೀಪ, ಇದ್ದಿಲ ಒಲೆಯ ಮೇಲೆ ಚಹಾದ ಕೆಟಲ್‌ಗಳು. ಪಕ್ಕದಲ್ಲಿ ಹಾಸಿದ ಚಾಪೆಯ ಮೇಲೆ ಕಾಲೇಜು ಹುಡುಗರೂ ಸೈಕಲ್ ರಿಕ್ಷಾದವರೂ ಒಟ್ಟಿಗೆ ಕುಳಿತು ಹರಟುತ್ತಾರೆ. ಈ ಗಾಡಿಗೆ 'ಅಂಕ್ರಿಂಗಾನ್' ಎಂದು ಹೆಸರು. ಇಲ್ಲಿನ ಮುಖ್ಯ ತಿನಿಸು 'ನಾಸಿ ಕುಚಿಂಗ್', ಅಂದರೆ ಬೆಕ್ಕಿನ ಅನ್ನ! ಗಾಬರಿ ಬೇಡ; ಬೆಕ್ಕಿಗೆ ಹಾಕುವಷ್ಟೇ ಅನ್ನ ಎಂದು ಅರ್ಥ. ಹಿಡಿ ಅನ್ನ, ಚೂರು ಖಾರದ ಚಟ್ನಿ, ಮೀನಿನ ತುಣುಕೋ ಸೋಯಾಕಾಳಿನ 'ತೆಂಪೆ'ಯೋ ಸೇರಿಸಿ ಪೊಟ್ಟಣ ಕಟ್ಟಿರುತ್ತಾರೆ. ಹಸಿವಿದ್ದಷ್ಟು ಬಿಚ್ಚಿ ತಿನ್ನಬಹುದು. ಎದ್ದು ಹೋಗುವಾಗ ತಿಂದದ್ದೆಷ್ಟು ಎಂದು ಗಿರಾಕಿಯೇ ಲೆಕ್ಕ ಹೇಳುತ್ತಾನೆ. ಗಾಡಿಯವನು ನಂಬುತ್ತಾನೆ.

ಇಂಡೋನೇಷ್ಯಾದ ಜಾವಾ ದ್ವೀಪದ ಈ ಊರು 1755ರಲ್ಲಿ ಸುಲ್ತಾನರ ರಾಜಧಾನಿಯಾಗಿ ಹುಟ್ಟಿತು. ಹೆಸರಿನ ಮೂಲ ನಮ್ಮ ಅಯೋಧ್ಯೆಯೇ ಎನ್ನುತ್ತಾರೆ. 1949ರಲ್ಲಿ ಗಜಮದ ವಿಶ್ವವಿದ್ಯಾನಿಲಯ ಆರಂಭವಾಯಿತು. ಮುಂದೆ ಅನೇಕ ಕಾಲೇಜುಗಳು ಬಂದು ಇದು 'ವಿದ್ಯಾರ್ಥಿಗಳ ನಗರ' ಎನಿಸಿತು. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗೆ ಅಲ್ಲಿ 'ಮಹಾಸಿಸ್ವ' ಎನ್ನುತ್ತಾರೆ. ನಮ್ಮ 'ಶಿಷ್ಯ'ನ ನೆಂಟನೇ ಈ ಸಿಸ್ವ!

ದೂರದ ದ್ವೀಪಗಳಿಂದ ಓದಲು ಬಂದ ಮಕ್ಕಳು ಇಳಿದುಕೊಳ್ಳುವುದು 'ಕೋಸ್' ಎಂಬ ತಿಂಗಳ ಬಾಡಿಗೆ ಕೋಣೆಗಳಲ್ಲಿ. ಹುಡುಗರಿಗೂ ಹುಡುಗಿಯರಿಗೂ ಸಾಮಾನ್ಯವಾಗಿ ಬೇರೆ ಬೇರೆ ಮನೆಗಳು. ಮನೆಯೊಡತಿಯನ್ನು 'ಇಬು ಕೋಸ್', ಕೋಸಿನ ತಾಯಿ, ಎಂದೇ ಕರೆಯುತ್ತಾರೆ. ಮಗುವನ್ನು ಪರಸ್ಥಳಕ್ಕೆ ಕಳುಹಿಸಿದ ಹೆತ್ತವರಿಗೆ ಈ ಹೆಸರೇ ಅರ್ಧ ಸಮಾಧಾನ.

ನಾಲ್ಕು ದಿನಕ್ಕೆ ಬರುವ ಪ್ರವಾಸಿಗರಿಗೆ ಎರಡು ಕೇರಿಗಳು ಅನುಕೂಲ. ತುಗು ರೈಲು ನಿಲ್ದಾಣದ ಪಕ್ಕದ ಸೊಸ್ರೊವಿಜಯನ್‌ನ ಓಣಿಗಳಲ್ಲಿ ಅಗ್ಗದ ಕೋಣೆಗಳಿವೆ. ಮಾಲಿಯೊಬೊರೊ ಪೇಟೆ ನಾಲ್ಕು ಹೆಜ್ಜೆ. ಅರಮನೆಯ ದಕ್ಷಿಣಕ್ಕಿರುವ ಪ್ರವಿರೋತಮನ್ ಒಂದು ಕಾಲಕ್ಕೆ ಬಾಟಿಕ್ ಬಟ್ಟೆ ತಯಾರಕರ ಕೇರಿ. ಆ ಕಸುಬು ಇಳಿಮುಖವಾದಾಗ ಹಲವು ಕುಟುಂಬಗಳು ತಮ್ಮ ಮನೆಗಳನ್ನೇ ವಸತಿಗೃಹ ಮಾಡಿಕೊಂಡವು. ಸಂಸಾರಸಮೇತ ಬರುವವರಿಗೆ ಇದೇ ಹಿತ. ಊರಿನ ಎಷ್ಟೋ ಓಣಿಗಳ ಬಾಯಲ್ಲಿ ಮೋಟಾರ್‌ಸೈಕಲ್ ಸವಾರರು ಇಳಿದು ತಳ್ಳಿಕೊಂಡು ಹೋಗಬೇಕೆಂಬ ಫಲಕ ಕಾಣುತ್ತದೆ. ಊರಿನ ನಿಧಾನಕ್ಕೆ ಬೇರೆ ಸಾಕ್ಷಿ ಬೇಕೆ?

ಊಟದಲ್ಲಿ ಮೊದಲು ನೋಡಬೇಕಾದದ್ದು 'ಗುದೆಗ್'. ಎಳೆ ಹಲಸಿನಕಾಯಿಯನ್ನು ತೆಂಗಿನಕಾಯಿ ಹಾಲು, ಬೆಲ್ಲದೊಂದಿಗೆ ಗಂಟೆಗಟ್ಟಲೆ ಬೇಯಿಸುತ್ತಾರೆ. ತೇಗದ ಎಲೆ ಹಾಕುವುದರಿಂದ ಕೆಂಗಂದು ಬಣ್ಣ ಬರುತ್ತದೆ. ರುಚಿ ಸಿಹಿ. ಅರಮನೆಯ ಬಳಿಯ ವಿಜಿಲಾನ್ ಬೀದಿಯ ತುಂಬ ಗುದೆಗ್ ಅಂಗಡಿಗಳೇ. ಸಸ್ಯಾಹಾರಿಗಳು ಮಾತ್ರ ಎಚ್ಚರ ವಹಿಸಬೇಕು: ಜೊತೆಗೆ ಬಡಿಸುವ 'ಕ್ರೆಚೆಕ್' ದನದ ಚರ್ಮದ್ದು. ಕಡಲೆಕಾಯಿ ಗೊಜ್ಜು ಸುರಿದ ತರಕಾರಿಯ 'ಗಾದೊ-ಗಾದೊ'ದಲ್ಲಿಯೂ ಕೆಲವೆಡೆ ಸೀಗಡಿ ಬೆರೆತಿರುತ್ತದೆ. 'ತನ್ಪಾ ದಾಗಿಂಗ್' (ಮಾಂಸವಿಲ್ಲದೆ) ಎಂದರೆ ಸಾಲದು. ಮೀನು, ಸೀಗಡಿ ಇದೆಯೇ ಎಂದೂ ಕೇಳಬೇಕು. ತೆಂಪೆ, ತೋಫು, ಅನ್ನಕ್ಕಂತೂ ಬರವಿಲ್ಲ.

ಆದರೆ ಈ ಅಗ್ಗದ ಭಾರ ಹೊರುವವರು ಯಾರು? ಅಂಕ್ರಿಂಗಾನ್ ಗಾಡಿಯವರಲ್ಲಿ ಅನೇಕರು ನೆರೆಯ ಕ್ಲಾತೆನ್ ಜಿಲ್ಲೆಯ ಹಳ್ಳಿಗರು. ಇಂಡೋನೇಷ್ಯಾದಲ್ಲಿ ಕನಿಷ್ಠ ಕೂಲಿ ತೀರ ಕಡಿಮೆ ಇರುವ ಪ್ರಾಂತ್ಯಗಳಲ್ಲಿ ಯೋಗ್ಯಕರ್ತಾವೂ ಒಂದು. 2022ರಲ್ಲಿ ಮಾಲಿಯೊಬೊರೊದ ಕಾಲುದಾರಿಯಲ್ಲಿದ್ದ ವ್ಯಾಪಾರಿಗಳನ್ನು ಎಬ್ಬಿಸಿ ಬೇರೆ ಕಟ್ಟಡಗಳಿಗೆ ಸಾಗಿಸಲಾಯಿತು. ಮರುವರ್ಷ ಆ ಬೀದಿಯೂ ಸೇರಿದ ನಗರದ ಪುರಾತನ ರಚನೆ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಬೀದಿಗೆ ಗೌರವ ಬಂತು. ಬೀದಿಯ ಮೇಲೆ ಬದುಕಿದ್ದವರು ಹೊಸ ಜಾಗದಲ್ಲಿ ಗಿರಾಕಿಗಳನ್ನು ಹುಡುಕಬೇಕಾಯಿತು.

ಸುಮಾರು 17 ಕಿ.ಮೀ. ದೂರದ ಪ್ರಂಬನನ್ ದೇವಾಲಯದ ಗೋಡೆಗಳಲ್ಲಿ ರಾಮಾಯಣದ ಶಿಲ್ಪಗಳಿವೆ, 40 ಕಿ.ಮೀ. ಆಚೆ ಬೊರೊಬುದುರ್ ಸ್ತೂಪವಿದೆ. ಅವನ್ನು ನೋಡಿ ದಣಿದು ಮರಳಿದವರಿಗೆ ರಾತ್ರಿ ಮತ್ತೆ ಅದೇ ಚಾಪೆ, ಅದೇ ಬಿಸಿ ಚಹಾ. ಅಲ್ಲಿ ಚೌಕಾಸಿ ಮಾಡಬೇಕಿಲ್ಲ. ಎಷ್ಟು ಪೊಟ್ಟಣ ಬಿಚ್ಚಿದ್ದೆವು ಎಂಬುದನ್ನು ಸರಿಯಾಗಿ ಹೇಳಿದರೆ ಸಾಕು.