ಕಾಗಿಣಾ ದಂಡೆಯಿಂದ ಥೇಮ್ಸ್ ದಂಡೆಗೆ

ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ವಿಶ್ವಗುರು ಬಸವಣ್ಣನವರ ಪ್ರತಿಮೆ ಅನಾವರಣಗೊಂಡ ಸುದ್ದಿಯನ್ನು ಓದಿದಂದೇ, ಒಮ್ಮೆ ಅಲ್ಲಿ ನಿಂತು ಶರಣು ಮಾಡಿ ಬರಬೇಕೆಂಬ ಹಂಬಲ ನಮ್ಮಲ್ಲಿ ಮೂಡಿತು. ಆದರೆ ಸೇಡಂನಲ್ಲಿ ನಿವೃತ್ತಿ ವೇತನದ ಮೇಲೆ ಬದುಕುವ ನಮ್ಮಂತಹ ದಂಪತಿಗಳಿಗೆ ಯುರೋಪು ದೂರದ ಮಾತು. ಸಾಲ ಮಾಡಿ ಯಾತ್ರೆ ಹೋಗುವುದು ಸಲ್ಲದೆಂದು ಬಗೆದು, ಹಲವು ವರ್ಷ ಕೂಡಿಟ್ಟ ಹಣದಲ್ಲಿಯೇ ರೋಮ್, ಪ್ಯಾರಿಸ್, ಲಂಡನ್ ಎಂಬ ಮೂರೇ ನಗರಗಳನ್ನು ಹದಿನೈದು ದಿನಗಳಲ್ಲಿ ನೋಡಿ ಬಂದೆವು. ಹಣ ಉಳಿಯುವುದು ಅಲ್ಲಿ ಹೋದ ಮೇಲಲ್ಲ, ಊರು ಬಿಡುವ ಮೊದಲೇ ಎಂಬುದು ನಾವು ಕಲಿತ ಪಾಠ. ಅದನ್ನು ಶರಣಬಂಧುಗಳಲ್ಲಿ ನಿವೇದಿಸುತ್ತಿದ್ದೇವೆ.

ಮೊದಲನೆಯದು ಕಾಲದ ಆಯ್ಕೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿಯವರಿಗೇ ರಜೆ. ಎಲ್ಲದಕ್ಕೂ ಹೆಚ್ಚು ಬೆಲೆ. ಆದ್ದರಿಂದ ನಾವು ಸೆಪ್ಟೆಂಬರಿನಲ್ಲಿ ಹೊರಟೆವು. ಎರಡನೆಯದು ವೀಸಾ. ಶೆಂಗೆನ್ ವೀಸಾ 29 ದೇಶಗಳಿಗೆ ಸಲ್ಲುತ್ತದೆ, ಬ್ರಿಟನ್ನಿಗೆ ಸಲ್ಲುವುದಿಲ್ಲ. ಅದಕ್ಕೆ ಬೇರೆ ವೀಸಾ ಬೇಕು. ಹೆಚ್ಚು ದಿನ ತಂಗುವ ದೇಶಕ್ಕೆ ಶೆಂಗೆನ್ ಅರ್ಜಿ ಸಲ್ಲಿಸಬೇಕು. ಆರು ತಿಂಗಳು ಮುಂಚಿತವಾಗಿಯೇ ಸಲ್ಲಿಸಬಹುದು. ಕನಿಷ್ಠ 30,000 ಯುರೋ ಮೊತ್ತದ ಪ್ರವಾಸಿ ವೈದ್ಯಕೀಯ ವಿಮೆಯೂ ಕಡ್ಡಾಯ. ಲಂಡನ್ನನ್ನು ಕೊನೆಗೆ ಇಟ್ಟುಕೊಂಡದ್ದರಿಂದ ಶೆಂಗೆನ್ ದೇಶಗಳಿಗೆ ಮತ್ತೊಮ್ಮೆ ಪ್ರವೇಶಿಸುವ ಪ್ರಮೇಯ ನಮಗೆ ಬರಲಿಲ್ಲ.

ನಮ್ಮ ಭಾಗದವರಿಗೆ ಹೈದರಾಬಾದಿನ ವಿಮಾನ ನಿಲ್ದಾಣವೇ ಅನುಕೂಲ. ವಾಡಿಯಿಂದ ಹೊರಡುವ ರೈಲುಮಾರ್ಗ ಚಿತ್ತಾಪುರ, ಸೇಡಂ, ತಾಂಡೂರುಗಳ ಮೂಲಕ ಸಿಕಂದರಾಬಾದಿಗೆ ಹೋಗುತ್ತದೆ. ಶಹಾಬಾದಿನವರು ವಾಡಿಯಲ್ಲಿ ಗಾಡಿ ಬದಲಿಸಬಹುದು. ಚಿಂಚೋಳಿಯವರಿಗೆ ತಾಂಡೂರು ಸಮೀಪ. ಊರಿನಿಂದಲೇ ಕಾರು ಮಾಡಿಕೊಂಡು ಹೋಗುವ ಖರ್ಚು ಹೀಗೆ ಉಳಿಯುತ್ತದೆ. ಪ್ಯಾರಿಸ್ಸಿನಿಂದ ಲಂಡನ್ನಿಗೆ ಸಮುದ್ರದಡಿಯ ಸುರಂಗದಲ್ಲಿ ಸಾಗುವ ರೈಲಿನ ಟಿಕೆಟನ್ನು ತಿಂಗಳುಗಳ ಮೊದಲೇ ಕೊಂಡರೆ ಅಗ್ಗ, ಹೊರಡುವ ದಿನ ಕೊಂಡರೆ ದುಬಾರಿ.

ಆಹಾರದ ಚಿಂತೆಯೇ ನಮಗೆ ದೊಡ್ಡದಾಗಿತ್ತು. ಅಡುಗೆಮನೆಯಿರುವ ಕೋಣೆಗಳನ್ನೇ ಹಿಡಿದೆವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಹುರಿದ ರವೆ ನಮ್ಮನ್ನು ಕಾಪಾಡಿದವು. ಹಾಲಿನ ಪದಾರ್ಥಗಳನ್ನು ನಮ್ಮ ದೇಶದಿಂದ ಅಲ್ಲಿಗೆ ಒಯ್ಯುವಂತಿಲ್ಲವಾದ್ದರಿಂದ ತುಪ್ಪ, ಪೇಢೆಗಳನ್ನು ಕಟ್ಟಿಕೊಳ್ಳಬಾರದು. ಕುಡಿಯುವ ನೀರಿಗೆ ಹಣ ಬೇಡ. ರೋಮಿನ ಬೀದಿಬೀದಿಗಳಲ್ಲಿ ಸಾರ್ವಜನಿಕ ನಲ್ಲಿಗಳಿವೆ, ಬಾಟಲಿಯೊಂದಿದ್ದರೆ ಸಾಕು. ಲಂಡನ್ನಿನಲ್ಲಿ ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿಗಳ ಕಾಯಂ ಸಂಗ್ರಹಗಳನ್ನು ನೋಡಲು ಶುಲ್ಕವಿಲ್ಲ. ಬಸ್ಸು, ರೈಲುಗಳಿಗೆ ಒಬ್ಬೊಬ್ಬರು ಒಂದೊಂದೇ ಕಾರ್ಡನ್ನು ದಿನವಿಡೀ ಬಳಸಿದರೆ ಆ ದಿನದ ದರಕ್ಕೆ ಒಂದು ಮಿತಿಯಿದೆ. ಅಂಗಡಿಯವರು ರೂಪಾಯಿಯಲ್ಲಿ ಪಾವತಿಸುವಿರಾ ಎಂದು ಕೇಳಿದರೆ ಒಪ್ಪದೆ, ಅಲ್ಲಿಯ ನಾಣ್ಯದಲ್ಲಿಯೇ ಪಾವತಿಸುವುದು ಲಾಭಕರ.

ಇನ್ನೊಂದು ಮಾತು, ಇದು ಹಣದ್ದಲ್ಲ. ಹೊರಡುವಾಗಿನ ತಪಾಸಣೆಯಲ್ಲಿ ನಮ್ಮ ಮನೆಯವರ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯಿಂದ ಯಂತ್ರ ಕೂಗಿತು. ತೆಗೆದು ತಟ್ಟೆಯಲ್ಲಿಡಿ ಎಂದರು. ಮದುವೆಗೂ ಮೊದಲಿನಿಂದ ಒಂದು ಗಳಿಗೆಯೂ ಅಂಗದಿಂದ ಅಗಲದ ಇಷ್ಟಲಿಂಗವದು. ಅವರ ಕಣ್ಣಲ್ಲಿ ನೀರು ಬಂತು; "ನಾನು ಬರೂದಿಲ್ಲ, ನೀವು ಹೋಗಿ ಬರ್ರಿ" ಎಂದುಬಿಟ್ಟರು. ಕೂಡಿಟ್ಟ ಹಣ, ಕಾದ ವರ್ಷಗಳು ಎಲ್ಲವೂ ಅಲ್ಲಿಯೇ ನಿಂತಂತಾಯಿತು. ಹಿರಿಯ ಮಹಿಳಾ ಅಧಿಕಾರಿಯೊಬ್ಬರನ್ನು ವಿನಂತಿಸಿಕೊಂಡೆವು. ಅವರು ಮರೆಯಾದ ಕೋಣೆಗೆ ಕರೆದೊಯ್ದರು. ಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಕಟ್ಟಿ ಕೊರಳಲ್ಲಿಯೇ ಉಳಿಸಿಕೊಂಡರು. ಬರಿಯ ಕರಡಿಗೆ ಮಾತ್ರ ಯಂತ್ರದೊಳಗೆ ಹೋಯಿತು. ಆದ್ದರಿಂದ ಲೋಹದ ಕರಡಿಗೆಯನ್ನು ಮನೆಯಲ್ಲಿಯೇ ಇಟ್ಟು, ವಸ್ತ್ರದಲ್ಲಿ ಕಟ್ಟಿಕೊಂಡು ಹೋಗುವುದು ಲೇಸು. ಪ್ರತ್ಯೇಕ ತಪಾಸಣೆಯನ್ನು ವಿನಯದಿಂದ ಕೇಳಲು ಸಂಕೋಚ ಬೇಡ.

ಕೊನೆಗೊಂದು ಬೆಳಿಗ್ಗೆ ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ದಾಟಿ, ಥೇಮ್ಸ್ ದಂಡೆಗುಂಟ ನಡೆದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನವನ್ನು ಸೇರಿದೆವು. ಇದಕ್ಕಾಗಿ ಶ್ರಮಿಸಿದವರು ಲ್ಯಾಂಬೆತ್‌ನ ಮಾಜಿ ಮೇಯರ್, ನಮ್ಮ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರು ಎಂಬುದು ನೆನಪಾಗಿ ಅಭಿಮಾನವೆನಿಸಿತು. ನದಿಯ ಆಚೆಗೆ ಬ್ರಿಟನ್ನಿನ ಸಂಸತ್ತು. ಈಚೆಗೆ ಅನುಭವ ಮಂಟಪದ ಅಣ್ಣನವರು. ಪ್ರವೇಶ ಶುಲ್ಕವಿಲ್ಲ, ಬಾಗಿಲೂ ಇಲ್ಲ. ನಮ್ಮ ಮನೆಯವರು ವಸ್ತ್ರದ ಗಂಟನ್ನು ಎದೆಗೊತ್ತಿಕೊಂಡು ಬಹಳ ಹೊತ್ತು ಮೌನವಾಗಿ ನಿಂತರು. ಬಳಿಕ ಅಲ್ಲಿಯೇ ಕುಳಿತು ಉಳಿದಿದ್ದ ಎರಡು ರೊಟ್ಟಿಗಳನ್ನು ಹಂಚಿಕೊಂಡೆವು.

ಊರಿಗೆ ಮರಳಿ ಲೆಕ್ಕ ನೋಡಿದಾಗ ಯಾರಿಗೂ ಒಂದು ಕಾಸೂ ಕೊಡಬೇಕಾಗಿರಲಿಲ್ಲ. ಯಾತ್ರೆಯ ಫಲದಲ್ಲಿ ಅದೂ ಒಂದು ಪಾಲೆಂದು ನಾವು ತಿಳಿದಿದ್ದೇವೆ.