ಕಪ್ಪು ಬಟ್ಟೆಯ ಹೊತ್ತಗೆ

ಕಡತವೆಂದೊಡನೆ ಇಂದಿನ ಓದುಗರಿಗೆ ಕಚೇರಿಯ ಮೇಜಿನ ಮೇಲಣ ಕಾಗದದ ಕಟ್ಟು ನೆನಪಾಗುತ್ತದೆ. ಆ ಹೆಸರನ್ನು ಮೊದಲು ಹೊತ್ತದ್ದು ಬೇರೆಯೇ ವಸ್ತು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಎರಡು ಕೊನೆಗೂ ಮರದ ಹಲಗೆ ಕೂಡಿಸಿದ ಕಪ್ಪು ಪುಸ್ತಕವದು. ಬರೆಯುತ್ತಿದ್ದುದು ಬಳಪದಿಂದ. ವರ್ತಕರು ಲೆಕ್ಕವನ್ನೂ ಮಠಗಳವರು ದಾಖಲೆಗಳನ್ನೂ ಅದರಲ್ಲಿಡುತ್ತಿದ್ದರು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧವಾಗಿವೆ. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬಂದ ತಮ್ಮ ಇತಿಹಾಸ ಗ್ರಂಥದಲ್ಲಿ ಇದರ ಅಳತೆ ಕೊಟ್ಟಿದ್ದಾರೆ: ಅಗಲ 8 ಅಂಗುಲದಿಂದ 1 ಅಡಿ, ಉದ್ದ 12ರಿಂದ 18 ಅಡಿ.

ಇಂಥದೊಂದನ್ನು ನಾವೇ ಮಾಡಲು ತೊಡಗಿದ್ದಕ್ಕೆ ಕಾರಣ ನಮ್ಮ ತಾಯಿಯವರು. ಎಂಬತ್ತನಾಲ್ಕು ದಾಟಿದ ಅವರು ನಲವತ್ತು ವರ್ಷ ಕುಣಿಮಗ್ಗದಲ್ಲಿ ಕುಳಿತವರು. ಮಗ್ಗ ಹೋಯಿತು, ಮಗ್ಗದ ಮಾತುಗಳು ಅವರ ಬಾಯಲ್ಲಿ ಮಾತ್ರ ಉಳಿದಿವೆ. ಮೊಮ್ಮಕ್ಕಳು ತಮಿಳಿನಲ್ಲಿ ಓದುವವರು. ಕನ್ನಡ ಅವರಿಗೆ ಅಡುಗೆಮನೆಯ ಭಾಷೆ. ನೋಟ್‌ಬುಕ್ಕು ಸಾಲದೇ ಎಂದು ನಮ್ಮ ಮನೆಯವರು ಕೇಳಿದರು. ಮೂರು ನೋಟ್‌ಬುಕ್ಕು ಕೊಂಡು ಒಂದರಲ್ಲೂ ಎರಡು ಪುಟ ದಾಟಿರಲಿಲ್ಲ. ಕಾಗದ ಹಿಡಿದು ಎದುರು ಕುಳಿತರೆ ತಾಯಿಯವರು ಮೌನವಾಗಿಬಿಡುತ್ತಿದ್ದರು.

ಶಿಕ್ಷಕರ ತರಬೇತಿಯಲ್ಲಿ ಪುಸ್ತಕ ಕಟ್ಟುವುದನ್ನು ಕಲಿತಿದ್ದ ನಮಗೆ ಇದು ಸುಲಭವೆಂಬ ಗರ್ವವಿತ್ತು. ಮೊದಲ ಬಾರಿ ಅಂಗಡಿಯ ಬಟ್ಟೆಗೆ ಮೈದಾ ಅಂಟು ಬಳಿದೆವು. ಬಟ್ಟೆಯಲ್ಲಿದ್ದ ಗಂಜಿ ಅಂಟನ್ನು ಕುಡಿಯಗೊಡಲಿಲ್ಲ. ಮಳೆ ಹಿಡಿದ ವಾರದಲ್ಲಿ ಬೂಷ್ಟು ಬಂತು. ಎರಡನೆಯ ಬಾರಿ ಹುಣಸೆಬೀಜವನ್ನೇ ಹಿಡಿದೆವು. ಧರ್ಮಪುರಿ ಸೀಮೆಯಲ್ಲಿ ಹುಣಸೆಬೀಜಕ್ಕೆ ಬರವೇ? ಹುರಿದು, ಸಿಪ್ಪೆ ಕಳೆದು, ನೆನೆಸಿ, ಅರೆದು, ಬೇಯಿಸಿದೆವು. ಕಂಬಳಿ ನೇಯುವವರು ಹಾಸಿಗೆ ಕೊಡುವುದೂ ಇದೇ ಅಂಟು. ಆದರೆ ದಪ್ಪಗೆ ಬಳಿದದ್ದರಿಂದ ಮಡಿಸಿದಲ್ಲೆಲ್ಲ ಬಿರುಕು ಬಿಟ್ಟಿತು. ಇದ್ದಿಲನ್ನು ಬಟ್ಟೆಯಲ್ಲಿ ಸೋಸದಿದ್ದುದರಿಂದ ಮೈಯೆಲ್ಲ ಮರಳು ಮರಳಾಯಿತು.

ಅಂಗಳದಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದ ತಾಯಿಯವರಿಗೆ ಸಹನೆ ತಪ್ಪಿತು. ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡು ಎರಡು ಬೆರಳು ಅದ್ದಿದರು.

"ಬೆರಳಿಗೆ ಅಂಟಬೇಕು ಕಣಪ್ಪಾ, ಬೆರಳನ್ನ ಹಿಡೀಬಾರದು. ನೀರು ಹಾಕು."

ನಮ್ಮ ತಂದೆಯವರ ಎಂಟು ಮೊಳದ ಕೈಮಗ್ಗದ ಪಂಚೆಯನ್ನು ಪೆಟ್ಟಿಗೆಯಿಂದ ತೆಗೆಸಿದವರೂ ಅವರೇ. ಅದನ್ನು ಕತ್ತರಿಸಲು ನಮ್ಮ ಕೈ ಬರಲಿಲ್ಲ. ಅವರೇ ಉದ್ದಕ್ಕೆ ಹರಿದರು. ತೆಳುವಾಗಿ ಬಳಿದು, ಒಣಗಿಸಿ, ಮತ್ತೆ ಬಳಿದು, ಹೀಗೆ ಎರಡು ಮಗ್ಗುಲಿಗೂ ನಾಲ್ಕು ಸಲ. ಆ ನಾಲ್ಕು ದಿನಗಳಲ್ಲಿ ಕೈ ಕಪ್ಪಾದಷ್ಟೂ ಅವರಿಗೆ ಮಾತು ಬಂತು: ಲಾಳಿ, ಕಂಡಿಕೆ, ಹಣಿಗೆ, ಎಳೆ ತುಂಡಾದಾಗ ಅತ್ತೆ ಬೈಯುತ್ತಿದ್ದ ಬೈಗುಳ. ಬರೆದುಕೊಳ್ಳಲು ನಮ್ಮ ಕೈ ಬಿಡುವಿರಲಿಲ್ಲ.

ಬಳಪಕ್ಕೆಂದು ಮನೆಯ ಒಡೆದ ಕಲ್ಚಟ್ಟಿಯ ಚೂರನ್ನು ಉಜ್ಜಿ ನೋಡಿದೆವು. ಸೇಲಂ ಕಡೆಯ ಆ ಮೆದುಕಲ್ಲೂ ಬಳಪದ ಕಲ್ಲೂ ಒಂದೇ ಜಾತಿ. ಆದರೆ ವರ್ಷಗಟ್ಟಲೆ ಎಣ್ಣೆ ಕುಡಿದ ಚೂರು ಜಾರಿತೇ ಹೊರತು ಗೆರೆ ಮೂಡಿಸಲಿಲ್ಲ. ಶಾಲೆಯ ಸೀಮೆಸುಣ್ಣ ಪುಡಿಯಾಗಿ ಉದುರಿತು. ಕೊನೆಗೆ ಸೇಲಂನಲ್ಲಿ ಕಲ್ಚಟ್ಟಿ ಕಡೆಯುವವರಿಂದ ಬೇಡಿ ತಂದ ಹಸಿ ಚೂರು ಅಚ್ಚ ಬಿಳಿಯ ಅಕ್ಷರ ಕೊಟ್ಟಿತು.

12 ಅಡಿ, 24 ಮಡಿಕೆ. ಮೊದಲ ಮಡಿಕೆಯಲ್ಲಿ 'ಹಾಸು' ಎಂದು ಬರೆದು ಓದಿ ಹೇಳಿದೆವು. ತಾಯಿಯವರು ತಲೆಯಾಡಿಸಿದರು. "ನಮ್ಮನೇಲಿ ಯಾರಪ್ಪಾ ಹಾಗಂದಿದ್ದು? ಪಾವು ಅಂತ ಬರಿ."

ಪಾವು ತಮಿಳಿನದು, ಅಮ್ಮಾ, ಎಂದೆವು. ಮೇಷ್ಟರ ಬುದ್ಧಿ.

"ನಾನು ನೇಯ್ದದ್ದು ಅದನ್ನೇ" ಎಂದರು.

ಕಡತದ ಗುಣವೇ ಅದು, ಉಜ್ಜಿದರೆ ಅಳಿಯುತ್ತದೆ. ಒಣಬಟ್ಟೆಯಿಂದ ಒರೆಸಿ 'ಪಾವು' ಎಂದು ಬರೆದೆವು. ಈವರೆಗೆ ಹತ್ತು ಮಡಿಕೆ ತುಂಬಿವೆ. ಸಂಜೆ ಅವರಿಗೆ ಆಯಾಸ. ಬೆಳಗಿನ ಬಿಸಿಲಿನಲ್ಲಿ, ನಾವು ಶಾಲೆಗೆ ಹೊರಡುವ ಮುನ್ನ, ದಿನಕ್ಕೆ ಎರಡು ಮೂರು ಮಾತುಗಳಂತೆ ಬರೆಯುತ್ತಿದ್ದೇವೆ.