ಕೇಬಲ್ ಬಾಬತ್ತು

ಪಲ್ಲಾವರಂನ ನಮ್ಮ ಮನೆಯಲ್ಲಿ ತಿಂಗಳ ಖರ್ಚಿನ ಪಟ್ಟಿ ಬರೆಯುವಾಗಲೆಲ್ಲ ಕೇಬಲ್ ಬಾಬತ್ತಿನಲ್ಲಿ ಲೇಖನಿ ತಡೆಯುತ್ತಿತ್ತು. 2019ರ ದರ ನಿಯಮದಂತೆ ಮೊದಲ ನೂರು ವಾಹಿನಿಗಳ ಮೂಲ ಶುಲ್ಕವೇ ಆಗ 130 ರೂಪಾಯಿವರೆಗೆ ಇತ್ತು. ತೆರಿಗೆಯೂ ಪಾವತಿ ವಾಹಿನಿಗಳ ಬೆಲೆಯೂ ಬೇರೆ. ನಾವು ನೋಡುತ್ತಿದ್ದುದಾದರೋ ಬೆರಳೆಣಿಕೆಯಷ್ಟು. ಕಡೆಗೊಮ್ಮೆ ಸಂಪರ್ಕ ಕಡಿಸಿ, ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್ ಹಾಕಿಸಿದೆವು. 2004ರಲ್ಲಿ ಆರಂಭವಾದ ಈ ಸೇವೆಗೆ ಮಾಸಿಕ ಶುಲ್ಕವಿಲ್ಲ. ಡಿಶ್‌ಗೂ ಸೆಟ್‌ಟಾಪ್ ಬಾಕ್ಸ್‌ಗೂ ಒಮ್ಮೆ ಹಣ ತೆತ್ತರಾಯಿತು. ತಾರಸಿಯ ಮೇಲೆ ಆಗ್ನೇಯಕ್ಕೆ ಮುಖಮಾಡಿ ನಿಂತ ಡಿಶ್ ನಮ್ಮ ಮನೆಗೆ ಚಂದನ ವಾಹಿನಿಯನ್ನು ತಂದಿತು.

ಅಮ್ಮ ರಾತ್ರಿ ಬೇಗ ಮಲಗುವವರು. ಆದುದರಿಂದ ಬಾಕ್ಸ್‌ಗೆ ಪೆನ್‌ಡ್ರೈವ್ ಸಿಕ್ಕಿಸಿ, ನಾ. ಸೋಮೇಶ್ವರರ 'ಥಟ್ ಅಂತ ಹೇಳಿ'ಯನ್ನು ರೆಕಾರ್ಡ್ ಮಾಡಿಡತೊಡಗಿದೆವು. ನಾವು ಕಚೇರಿಗೆ ಹೊರಟ ಮೇಲೆ ಅವರು ಅದನ್ನು ನೋಡುವರು; ಉತ್ತರ ಹೊಳೆಯದಾಗ ನಿಲ್ಲಿಸಿ ಯೋಚಿಸುವರು. ಸಂಜೆ ಅದೇ ಪ್ರಶ್ನೆಗಳು ನಮಗಾಗಿ ಕಾದಿರುತ್ತಿದ್ದವು. ನಮ್ಮ ಇಂಗ್ಲಿಷ್ ಎಂ.ಎ. ಅಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರಲಿಲ್ಲ.

ಉಳಿತಾಯದ ಹೆಮ್ಮೆಯಲ್ಲಿ ಒಂದನ್ನು ಮರೆತಿದ್ದೆವು. ಪಕ್ಕದ ಮನೆಯ ಮಾಮಿಯೊಡನೆ ಅಮ್ಮ ಹರಕು ತಮಿಳಿನಲ್ಲಿ ಆಡುತ್ತಿದ್ದ ಮಾತೆಲ್ಲ ಸಂಜೆಯ ಧಾರಾವಾಹಿಯದು. ಕೇಬಲ್ ಹೋದ ಮೇಲೆ ಕಾಂಪೌಂಡಿನ ಬಳಿಯ ಆ ಮಾತು ನಿಂತೇಹೋಗಿತ್ತು. ನಾವು ಗಮನಿಸಿದ್ದು ಎರಡು ತಿಂಗಳ ಬಳಿಕ. ಮತ್ತೆ ಕೇಬಲ್ ಹಾಕಿಸೋಣವೇ ಎಂದು ಕೇಳಿದರೆ, "ಬೇಡ ಬಿಡು, ಮಾಮಿಯೇ ಕರೆದಿದ್ದಾರೆ" ಎಂದರು.

ಈಗ ಸಂಜೆ ಏಳಕ್ಕೆ ಅಮ್ಮ ಪಕ್ಕದ ಮನೆಯಲ್ಲಿರುತ್ತಾರೆ. ನಮ್ಮ ಪಟ್ಟಿಯಲ್ಲಿ ಕೇಬಲ್ ಬಾಬತ್ತು ಖಾಲಿ. ಆ ಮನೆಯ ಕಾಫಿಯನ್ನು ಯಾವ ಬಾಬತ್ತಿನಲ್ಲಿ ಬರೆಯಬೇಕೋ ತಿಳಿಯದು.